ಗ್ರೂಪಿಗೆ ದ್ವೇಷದ ಮೆಸೇಜ್ ಬಂದರೆ ಏನು ಮಾಡೋದು?

ಅಪಾರ್ಟ್‌ಮೆಂಟ್ ಗ್ರೂಪಲ್ಲೋ ಮನೆಯವರ ಗ್ರೂಪಲ್ಲೋ ಒಂದು ಮೆಸೇಜ್ ಬೀಳುತ್ತದೆ. ‘ಇಂಥವರಿಗೆ ಮನೆ ಬಾಡಿಗೆಗೆ ಕೊಡಬೇಡಿ, ಇವರೆಲ್ಲ ಹೀಗೇ.’ ಇಬ್ಬರು ಹೌದೌದು ಅಂತಾರೆ, ಮಿಕ್ಕವರು ಓದಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವವರಿಗೆ ಈ ಬರಹ.

ಮೊದಲು ದ್ವೇಷ ಯಾವುದು, ಬರೀ ಜಗಳ ಯಾವುದು ಅಂತ ನೋಡಿಕೊಳ್ಳಿ. ಮೀಟರ್ ಹಾಕದ ಆಟೋದವನ ಮೇಲೆ ರೇಗುವುದು, ಸರ್ಕಾರವನ್ನು ಬೈಯುವುದು, ಬ್ಯಾಂಕಲ್ಲಿ ಕನ್ನಡದಲ್ಲಿ ಮಾತಾಡಿ ಅಂತ ಕೇಳುವುದು, ಇದ್ಯಾವುದೂ ದ್ವೇಷ ಅಲ್ಲ. ಒಬ್ಬರ ಜಾತಿ, ಧರ್ಮ, ಭಾಷೆ, ಊರು ಹಿಡಿದು ಇವರೆಲ್ಲ ಕಳ್ಳರು, ಇವರನ್ನು ಓಡಿಸಿ, ಇವರ ಅಂಗಡಿಗೆ ಹೋಗಬೇಡಿ ಅಂದರೆ ಅದು ದ್ವೇಷ. ಬೈದವನು ನಮ್ಮ ಕಡೆಯವನೇ ಆದರೂ ಅಷ್ಟೇ.

ಬರೀ ಮಾತು ತಾನೇ, ಬಿಡಿ ಅನ್ನುವವರು ನಮ್ಮ ಬೆಂಗಳೂರಲ್ಲೇ ಆಗಿದ್ದನ್ನು ನೆನಪಿಸಿಕೊಳ್ಳಲಿ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಿದಾಡಿ, ಸಾವಿರಾರು ಜನ ಓದು, ಕೆಲಸ ಎಲ್ಲ ಬಿಟ್ಟು ಗುವಾಹಟಿ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಮೆಸೇಜುಗಳು ಓಡಾಡುತ್ತಿದ್ದಾಗ, ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಆ ಮೆಸೇಜ್ ಮುಂದೆ ಕಳಿಸಿದವರಲ್ಲಿ ಬಹಳ ಜನ ‘ಯಾವುದಕ್ಕೂ ಇರಲಿ’ ಅಂತ ಕಳಿಸಿದವರೇ ಇರಬೇಕು.

ಉತ್ತರ ಕೊಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕಳಿಸಿದವರ ನಂಬರು, ತಾರೀಕು, ಸಮಯ ಕಾಣಬೇಕು. ಪೋಸ್ಟ್ ಆದರೆ ಅದರ ಲಿಂಕೂ ಬೇಕು. ಯಾಕೆಂದರೆ ಗಲಾಟೆ ಆದ ತಕ್ಷಣ ಅವರು ಅಳಿಸಿಬಿಡುತ್ತಾರೆ. ಆದರೆ ಸಿಟ್ಟಲ್ಲಿ ಅದನ್ನೇ ‘ನೋಡಿ ಎಂಥ ಜನ’ ಅಂತ ಸ್ಟೇಟಸ್‌ಗೆ ಹಾಕಬೇಡಿ, ಅವರ ಮಾತನ್ನು ನೀವೇ ಹಂಚಿದ ಹಾಗಾಗುತ್ತದೆ.

ಆಮೇಲೆ ಗ್ರೂಪಲ್ಲಿ ಒಂದೇ ಒಂದು ಸಲ ಬರೆಯಿರಿ. ‘ಇದಕ್ಕೆ ಆಧಾರ ಏನು? ನಮ್ಮ ಬಿಲ್ಡಿಂಗಲ್ಲೂ ಆ ಸಮುದಾಯದವರು ಇದ್ದಾರೆ, ಇದನ್ನು ಓದುತ್ತಿದ್ದಾರೆ. ದಯವಿಟ್ಟು ತೆಗೆಯಿರಿ.’ ಇಷ್ಟು ಸಾಕು. ಬರೆದವನ ಮನಸ್ಸು ಬದಲಾಗುತ್ತದೆ ಅಂತಲ್ಲ. ಓದುತ್ತಾ ಕೂತಿರುವ ಉಳಿದವರಿಗೆ, ಇದನ್ನು ಎಲ್ಲರೂ ಒಪ್ಪಿಲ್ಲ ಅಂತ ಗೊತ್ತಾಗಬೇಕು, ಅದಕ್ಕೆ. ಅವನ ಜಾತಿ ಎತ್ತಿ ತಿರುಗಿ ಬೈದರೆ ಜಗಳದಲ್ಲಿ ವಿಷಯವೇ ಮುಳುಗಿಹೋಗುತ್ತದೆ. ಕಳಿಸಿದ್ದು ಮಾವನೋ ದೊಡ್ಡಪ್ಪನೋ ಆಗಿದ್ದರೆ ಫೋನ್ ಮಾಡಿ ಮಾತಾಡಿ, ನಾಲ್ಕು ಜನರೆದುರು ತಿದ್ದಿದರೆ ಅವರು ಹಠಕ್ಕೆ ಬೀಳುವುದೇ ಜಾಸ್ತಿ. ಅಡ್ಮಿನ್ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸಬಹುದು, ಅವರಿಗೆ ಹೇಳಿ.

ಆಪ್‌ನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಆಪ್ ನಡೆಸುವ ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ಬಂದಿದೆ ಅಂತ 24 ಗಂಟೆಯೊಳಗೆ ತಿಳಿಸಬೇಕು.

ಹೊಡೆಯಿರಿ, ಸುಡಿ ಅಂತಿದ್ದರೆ, ಯಾರದ್ದಾದರೂ ವಿಳಾಸ ಹಾಕಿದ್ದರೆ, ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಮಿಕ್ಕಿದ್ದಕ್ಕೆ ಹತ್ತಿರದ ಠಾಣೆ, ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ (CEN) ಠಾಣೆ ಅಥವಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್ ಇದೆ. 1930 ಸೈಬರ್ ಸಹಾಯವಾಣಿ ಮುಖ್ಯವಾಗಿ ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡವರಿಗೆ. ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು. ದಲಿತರ, ಆದಿವಾಸಿಗಳ ಮೇಲಿನ ಮಾತಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಎಫ್‌ಐಆರ್ ಆದರೆ ದೂರು ಕೊಟ್ಟವರಿಗೆ ಅದರ ಪ್ರತಿ ಪುಕ್ಕಟೆ, ಕೇಳಿ ತೆಗೆದುಕೊಳ್ಳಿ.

ಇದೆಲ್ಲದರ ನಡುವೆ ಎಲ್ಲರೂ ಮರೆಯುವುದು ಬೈಸಿಕೊಂಡವರನ್ನು. ಗ್ರೂಪಲ್ಲಿ ವಾದ ಮಾಡಿದವರೂ ಅವರ ಜೊತೆ ಮಾತಾಡಿರುವುದಿಲ್ಲ. ‘ಆ ಮೆಸೇಜ್ ನೋಡಿದೆ, ತುಂಬಾ ಬೇಜಾರಾಯಿತು, ನಿಮ್ಮ ಜೊತೆ ಇದ್ದೀನಿ’ ಅಂತ ಅವತ್ತೇ ಹೇಳಿ. ಮನೆ ಹತ್ತಿರವೇ ಇದ್ದರೆ ಹೋಗಿ ಮಾತಾಡಿಸಿ. ದೂರು ಕೊಡೋಣವಾ ಅಂತ ಅವರನ್ನೇ ಕೇಳಿ. ಅವರಿಗೆ ಭಯ ಇದ್ದರೆ ಬಲವಂತ ಬೇಡ. ಅವರ ಹೆಸರು ಎತ್ತದೆ, ಆ ಮೆಸೇಜ್ ನೋಡಿದವರಾಗಿ ನೀವೇ ದೂರು ಕೊಡಬಹುದು.