ಸಿಸ್ಟಮ್ ಸ್ಲೋ ಅಂತ ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಡಿಸ್ಕ್ ನೋಡಿ

ಸಿಸ್ಟಮ್ ಸ್ಲೋ ಅಂದ ತಕ್ಷಣ ಎಲ್ರೂ ಫಾರ್ಮ್ಯಾಟ್ ಹೊಡೀರಿ ಅಂತಾರೆ, ಅದಕ್ಕೂ ಮುಂಚೆ ಒಂದ್ಸಲ ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ಓಪನ್ ಮಾಡಿ. ಮೆಮೊರಿ ತುಂಬಿದ್ರೆ ಬ್ರೌಸರ್ ಟ್ಯಾಬ್ ಕಮ್ಮಿ ಮಾಡಿ, ಇಲ್ಲಾಂದ್ರೆ ರ‍್ಯಾಮ್ ಹಾಕ್ಸಿ, ಅದು ಸುಲಭ. ಆದ್ರೆ ಡಿಸ್ಕ್ 100% ಅಂತ ಕೂತಿದೆ, ರೀಡ್ ರೈಟ್ ಸ್ಪೀಡ್ ನೋಡಿದ್ರೆ ಒಂದು ಎಂಬಿನೂ ಇಲ್ಲ, ಆವರೇಜ್ ರೆಸ್ಪಾನ್ಸ್ ಟೈಮ್ ಮಾತ್ರ ಸಾವಿರಾರು ಮಿಲಿಸೆಕೆಂಡ್ ತೋರಿಸ್ತಿದೆ ಅಂದ್ರೆ ಡ್ರೈವ್ ಮೇಲೇ ಡೌಟು.

ಡ್ರೈವ್ ಹೆಲ್ತ್ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. ಹಾರ್ಡ್ ಡಿಸ್ಕ್ ಆದ್ರೆ 05, ಸಿ5, ಸಿ6 ಈ ಮೂರು ಸಾಲಲ್ಲಿ ಕೊನೇ ಕಾಲಮ್ ಸೊನ್ನೆ ಇರ್ಬೇಕು. 05 ಅಂದ್ರೆ ಕೆಟ್ಟೋಗಿರೋ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಇಡೋ ಚಿಕ್ಕ ಜಾಗ) ಬದಲಿಗೆ ಸ್ಪೇರ್ ಸೆಕ್ಟರ್ ಬಳಸಿರೋ ಲೆಕ್ಕ, ಸಿ5 ಅಂದ್ರೆ ಓದೋಕೆ ಒದ್ದಾಡ್ತಿರೋ ಸೆಕ್ಟರ್‌ಗಳು, ಸ್ಲೋ ಆಗೋದು ಬಹಳ ಸಲ ಇದ್ರಿಂದಾನೇ, ಯಾಕಂದ್ರೆ ಡ್ರೈವ್ ಅದೇ ಜಾಗ ಮತ್ತೆ ಮತ್ತೆ ಓದೋಕೆ ಟ್ರೈ ಮಾಡ್ತಿರುತ್ತೆ, ವಿಂಡೋಸ್ ಕಾಯ್ತಾ ಕೂತಿರುತ್ತೆ. ಸಿ6 ಅಂದ್ರೆ ಸರಿಪಡಿಸೋಕೆ ಆಗ್ದೇ ಇರೋ ಸೆಕ್ಟರ್‌ಗಳು. ಸಿ7 (ಡೇಟಾ ಕಳಿಸುವಾಗ ಆಗೋ ತಪ್ಪುಗಳ ಲೆಕ್ಕ) ಮಾತ್ರ ಏರ್ತಿದ್ರೆ ಡ್ರೈವ್ ಬೈಬೇಡಿ, ಮೊದ್ಲು ಡ್ರೈವ್‌ನ ಮದರ್‌ಬೋರ್ಡ್‌ಗೆ ಸೇರಿಸೋ ಸಾಟಾ ಕೇಬಲ್ ಬದಲಾಯಿಸಿ. ಎಸ್‌ಎಸ್‌ಡಿ ಆದ್ರೆ ಹೆಲ್ತ್ ಪರ್ಸೆಂಟ್ ನೋಡಿ.

ಗುಡ್ ಅಂತ ತೋರ್ಸಿದ್ರೂ ಪೂರ್ತಿ ನಂಬ್ಬೇಡಿ, ಕಟ್ ಕಟ್ ಸೌಂಡ್ ಬರ್ತಿದ್ರೆ ಡ್ರೈವ್ ಹೋಗೋ ಹಂತಕ್ಕೆ ಬಂದಿದೆ ಅಂತಾನೇ ಇಟ್ಕೊಳಿ.

ಇನ್ನೊಂದು, ನಂಬರ್ ಸರಿ ಇಲ್ಲ ಅಂದ್ರೆ ದಯವಿಟ್ಟು ಮೊದ್ಲು ಚೆಕ್‌ಡಿಸ್ಕ್ (ಡಿಸ್ಕ್ ತಪ್ಪು ಹುಡುಕಿ ಸರಿಮಾಡೋ ವಿಂಡೋಸ್ ಟೂಲ್) ರನ್ ಮಾಡ್ಬೇಡಿ, ಡಿಫ್ರಾಗ್ (ಚೆದುರಿರೋ ಫೈಲ್ ಒಟ್ಟಾಗಿ ಜೋಡಿಸೋದು) ಅಂತೂ ಬೇಡ್ವೇ ಬೇಡ, ಸಾಯ್ತಿರೋ ಡ್ರೈವ್‌ನ ಇಡೀ ಓಡಿಸಿದ್ರೆ ಇದ್ದಿದ್ದೂ ಹೋಗುತ್ತೆ. ಫೋಟೋ, ಡಾಕ್ಯುಮೆಂಟ್ ಎಲ್ಲಾ ಬೇರೆ ಡ್ರೈವ್‌ಗೆ ಕಾಪಿ ಹೊಡ್ಕೊಂಡು ಆಮೇಲೆ ಏನ್ ಬೇಕಾದ್ರೂ ಮಾಡಿ.