ಸಂತೆಗೆ ಯಾರು ಹೋಗುತ್ತಾರೆ?

ತಮಿಳುನಾಡಿನ ಹೊಸೂರು ಭಾಗದಲ್ಲಿ ಅರೆಕಾನೂನು ಸ್ವಯಂಸೇವಕಿಯಾಗಿ, ಅಂದರೆ ವಕೀಲೆಯಲ್ಲದಿದ್ದರೂ ಜನರಿಗೆ ಕಾನೂನಿನ ನೆರವು ಕೊಡಿಸುವವಳಾಗಿ, ಸೇರಿದ ಹೊಸತರಲ್ಲಿ, ‘ನೀವು ಜೀತಕ್ಕಿದ್ದೀರಾ?’ ಎಂದು ನೇರವಾಗಿಯೇ ಕೇಳುತ್ತಿದ್ದೆ. ಇಟ್ಟಿಗೆ ಗೂಡಿನಲ್ಲಾಗಲಿ ಕಲ್ಲು ಕ್ವಾರಿಯಲ್ಲಾಗಲಿ ಹೌದೆಂದವರು ಒಬ್ಬರೂ ಇಲ್ಲ. ಜೀತವೆಂಬುದು ತಾತನ ಕಾಲದ್ದು, ತಾವು ಮೇಸ್ತ್ರಿಯ ಹತ್ತಿರ ಅಡ್ವಾನ್ಸ್ ಪಡೆದವರು ಮಾತ್ರ ಎನ್ನುತ್ತಿದ್ದರು.

ಅದನ್ನೇ ನಂಬಿ ಅಂಚೆಟ್ಟಿ ಕಡೆಯ ಒಂದು ಕುಟುಂಬಕ್ಕೆ ನಾನು ಬರೆದುಕೊಟ್ಟ ಅರ್ಜಿಯಲ್ಲಿ ಕೂಲಿ ಕಡಿಮೆ, ಲೆಕ್ಕ ಸರಿಯಿಲ್ಲ ಎಂಬುದಷ್ಟೇ ಇತ್ತು. ಅದು ಕೂಲಿಯ ತಕರಾರೆಂದು ದಾಖಲಾಗಿ ಎರಡು ತಿಂಗಳು ಕಳೆದುಹೋಯಿತು.

ಆಮೇಲೆ 1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ಮತ್ತೆ ಓದಿದೆ. ಮುಂಗಡ ಪಡೆದವನು ಬೇರೆಡೆ ದುಡಿಯುವ ಅಥವಾ ಇಷ್ಟಬಂದಲ್ಲಿಗೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೂ ಅದು ಜೀತವೇ. ಆ ಸಾಲ ಜೀತದ್ದಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಹಾಗಾಗಿ ಎರಡನೆಯ ಸಲ ಆ ತಾಯಿಯನ್ನು ಗೂಡಿನಿಂದ ದೂರ ಕೂರಿಸಿಕೊಂಡು, ‘ಸಂತೆಗೆ ಎಲ್ಲರೂ ಒಟ್ಟಿಗೆ ಹೋಗ್ತೀರಾ ಅಮ್ಮ?’ ಎಂದು ಕೇಳಿದೆ.

‘ಎಲ್ಲಿ ಬಿಡ್ತಾರಕ್ಕ? ನಾನು ಹೋದ್ರೆ ಅವರು ಇರಬೇಕು, ಮಕ್ಕಳಂತೂ ಇಲ್ಲೇ.’

ಮಡಿಲಿನಿಂದ ತೆಗೆದ ಪುಟ್ಟ ಪುಸ್ತಕದಲ್ಲಿ ವಾರವಾರದ ಖರ್ಚಿನ ಹಣ ಬರೆದಿತ್ತು. ಅವರು ಕೊಯ್ದ ಇಟ್ಟಿಗೆಯ ಲೆಕ್ಕ ಒಂದು ಸಾಲೂ ಇರಲಿಲ್ಲ.

ಹೇಳಿಕೆ ಬರೆಯುವುದು ತಮಿಳಿನಲ್ಲಿ. ಹೆಬ್ಬೆಟ್ಟು ಒತ್ತಿಸುವ ಮೊದಲು ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿಸಿ ಕನ್ನಡದಲ್ಲಿ ಹೇಳಿದೆ. ‘ಮುನ್‌ಪಣಂ’ (ಮುಂಗಡ) ಇರಬೇಕಾದಲ್ಲಿ ಬರೀ ‘ಕಡನ್’ (ಸಾಲ) ಎಂದಿದ್ದನ್ನು ತಿದ್ದಿಸಿದ್ದು ಹಾಗೆಯೇ. ‘ಒಪ್ಪಿಯೇ ಬಂದರಲ್ಲ’ ಎಂಬುದು ಮಾಲೀಕನ ವಾದ. ಆದರೆ ಆಸೆ ತೋರಿಸಿಯೋ ವಂಚಿಸಿಯೋ ಶೋಷಣೆಗಾಗಿ ಕರೆತಂದದ್ದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಡಿ ಮಾನವ ಕಳ್ಳಸಾಗಣೆಯಾಗುತ್ತದೆ, ಅಲ್ಲಿ ಬಂದವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. 2013ರಲ್ಲಿ ತಿದ್ದುಪಡಿಯಾದ ಹಳೆಯ ದಂಡ ಸಂಹಿತೆಯ 370ನೇ ಕಲಮು ಹೇಳುತ್ತಿದ್ದುದೂ ಇದನ್ನೇ. ಒಬ್ಬರಿಗಿಂತ ಹೆಚ್ಚು ಜನರನ್ನು ಹೀಗೆ ತಂದಿದ್ದರೆ ಕನಿಷ್ಠ 10 ವರ್ಷ ಶಿಕ್ಷೆ.

ನನ್ನ ಮಟ್ಟಿಗೆ ಎಫ್‌ಐಆರ್‌ಗಿಂತ ತುರ್ತಾದದ್ದು ಬಿಡುಗಡೆ ಪತ್ರ, ಅಂದರೆ ಇವರು ಜೀತದಿಂದ ಮುಕ್ತರು ಎಂದು ಸರ್ಕಾರಿ ಅಧಿಕಾರಿ ಬರೆದುಕೊಡುವ ಪತ್ರ. ತಕ್ಷಣದ ನೆರವಾಗಿ ಕೇಂದ್ರದ ಯೋಜನೆಯಲ್ಲಿರುವ 30,000 ರೂಪಾಯಿವರೆಗಿನ ಮೊತ್ತಕ್ಕೆ ನ್ಯಾಯಾಲಯದ ತೀರ್ಪಿಗಾಗಿ ಕಾಯಬೇಕಿಲ್ಲ. ಪತ್ರ ಒಬ್ಬೊಬ್ಬರ ಹೆಸರಿಗೂ ಬೇಕು. ಈ ಕುಟುಂಬಕ್ಕೆ ಬಂದಾಗ, ಗೂಡಿನಲ್ಲಿ ಇಟ್ಟಿಗೆ ತಿರುವಿ ಹಾಕುತ್ತಿದ್ದ ಹಿರಿಯ ಮಗಳ ಹೆಸರೇ ಬಿಟ್ಟುಹೋಗಿತ್ತು. ಅದನ್ನು ಸೇರಿಸಲು ಇನ್ನೂ ಮೂರು ಸಲ ಅಲೆದೆ.