ಪೇಪರ್ ಮುಚ್ಚಿಟ್ಟು ಬರೆದುಕೊಳ್ಳುವ ಟಿಪ್ಪಣಿ

ಸಂಶೋಧನೆಯ ಮೊದಲ ವರ್ಷ ನಾನು ಓದಿದ ಪೇಪರುಗಳಲ್ಲಿ ಹಳದಿ ಬಣ್ಣ ಬಳಿಯದ ಪುಟವೇ ಇರಲಿಲ್ಲ. ಆರು ತಿಂಗಳ ಬಳಿಕ ಪೂರ್ವ ಅಧ್ಯಯನಗಳ ಸಮೀಕ್ಷೆಯನ್ನು ಬರೆಯಲು ಕುಳಿತು ಅವೇ ಪಿಡಿಎಫ್‌ಗಳನ್ನು ತೆರೆದಾಗ, ಯಾವ ಸಾಲಿಗೆ ಏಕೆ ಬಣ್ಣ ಹಚ್ಚಿದ್ದೆ ಎಂಬುದು ನೆನಪಾಗಲಿಲ್ಲ. ಸಮಯವಿಲ್ಲದೆ ಒಂದು ಪೇಪರಿನ ಸಾರಾಂಶವನ್ನಷ್ಟೇ ನಂಬಿ, ‘ಈ ವಿಧಾನದಿಂದ ನಿಖರತೆ ಹೆಚ್ಚುತ್ತದೆ’ ಎಂದು ಬರೆದುಬಿಟ್ಟೆ. ಮಾರ್ಗದರ್ಶಕರು ಅದರ ಮೂರನೆಯ ಕೋಷ್ಟಕದ ಮೇಲೆ ಬೆರಳಿಟ್ಟರು: ನಾಲ್ಕು ದತ್ತಾಂಶಗಳ ಪೈಕಿ ಒಂದರಲ್ಲಿ ಮಾತ್ರ ಸುಧಾರಣೆ ಕಂಡಿತ್ತು. “ಪೇಪರ್ ಓದಿದ್ದೀರೋ, ಸಾರಾಂಶ ಓದಿದ್ದೀರೋ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಪೇಪರನ್ನು ಮೂರು ಸುತ್ತುಗಳಲ್ಲಿ ಓದುವ ಕ್ರಮವೊಂದನ್ನು ಗಣಕ ವಿಜ್ಞಾನಿ ಎಸ್. ಕೇಶವ್ 2007ರಲ್ಲಿ ವಿವರಿಸಿದ್ದರು. ಮೊದಲ ಸುತ್ತಿಗೆ ಅವರು ಕೊಡುವುದು ಐದರಿಂದ ಹತ್ತು ನಿಮಿಷ. ಶೀರ್ಷಿಕೆ, ಸಾರಾಂಶ, ಪೀಠಿಕೆ, ಉಪಶೀರ್ಷಿಕೆಗಳು ಮತ್ತು ಕೊನೆಯ ತೀರ್ಮಾನಗಳನ್ನು ನೋಡಲು ಅಷ್ಟು ಸಾಕು. ಬಹುಪಾಲು ಪೇಪರುಗಳನ್ನು ನಾನು ಇಲ್ಲೇ ಕೈಬಿಡುತ್ತೇನೆ, ಆದರೆ ಏಕೆ ಬಿಟ್ಟೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ. ಆ ಸಾಲಿಲ್ಲದಿದ್ದಾಗ ಒಂದೇ ಪೇಪರನ್ನು ಮೂರು ಸಲ ತೆರೆದು ಮೂರು ಸಲವೂ ಮುಚ್ಚಿದ್ದುಂಟು.

ಉಳಿದವುಗಳಲ್ಲಿ, ಎರಡನೆಯ ಸುತ್ತಿಗೆ, ಲೇಖಕರ ವಿವರಣೆಗೆ ಹೋಗುವ ಮೊದಲೇ ಚಿತ್ರ, ಕೋಷ್ಟಕಗಳನ್ನು ಓದುತ್ತೇನೆ. ಅಕ್ಷಗಳು ಏನನ್ನು ಸೂಚಿಸುತ್ತವೆ, ಅಕ್ಷ ಸೊನ್ನೆಯಿಂದ ಆರಂಭವಾಗಿದೆಯೇ, ಮಾದರಿಗಳೆಷ್ಟು ಎಂಬುದನ್ನು ನೋಡಿದ ಮೇಲೆ, ಸ್ತಂಭಗಳ ತುದಿಯಲ್ಲಿರುವ ಗೆರೆ ಪ್ರಮಾಣಿತ ವಿಚಲನೆಯೋ (ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ) ಪ್ರಮಾಣಿತ ದೋಷವೋ (ಸರಾಸರಿ ಎಷ್ಟು ಅನಿಶ್ಚಿತ ಎಂಬ ಅಳತೆ) ಎಂದು ಹುಡುಕುತ್ತೇನೆ. 25 ಮಾದರಿಗಳಿದ್ದರೆ ಎರಡನೆಯದು ಮೊದಲನೆಯದರ ಐದನೇ ಒಂದು ಭಾಗದಷ್ಟೇ ಇರುವುದರಿಂದ, ಅದೇ ಫಲಿತಾಂಶ ಎಷ್ಟೋ ಪಾಲು ಖಚಿತವಾಗಿ ಕಾಣುತ್ತದೆ. ಮೂರನೆಯ ಸುತ್ತು, ಅಂದರೆ ಲೇಖಕರ ಕೆಲಸವನ್ನು ಮನಸ್ಸಿನಲ್ಲೇ ಮತ್ತೆ ಮಾಡಿನೋಡುವುದು, ನನ್ನ ಕೆಲಸಕ್ಕೆ ಬುನಾದಿಯಾದ ಕೆಲವೇ ಪೇಪರುಗಳಿಗೆ ಮೀಸಲು.

ಟಿಪ್ಪಣಿಯನ್ನು ಪೇಪರ್ ಮುಚ್ಚಿದ ಮೇಲೆ, ನೆನಪಿನಿಂದ, ಅರ್ಧ ಪುಟ ಮೀರದಂತೆ ಬರೆಯುತ್ತೇನೆ. ಆರಂಭದಲ್ಲಿ ಇದು ಹಿಂಸೆಯೆನಿಸಿತು. ಅರ್ಥವಾಯಿತೆಂದುಕೊಂಡ ಎಷ್ಟೋ ವಿಷಯ ಎರಡು ವಾಕ್ಯಕ್ಕೇ ನಿಂತುಹೋಗುತ್ತಿತ್ತು. ಲೇಖಕರ ಮಾತಿಗೆ ‘ಲೇ’ ಎಂದೂ ನನ್ನ ಅನುಮಾನಕ್ಕೆ ‘ನಾ’ ಎಂದೂ ಗುರುತು ಹಾಕುತ್ತೇನೆ. ಆ ಎಡವಿದ ಪೇಪರಿನ ಈಗಿನ ಟಿಪ್ಪಣಿ ಹೀಗಿದೆ: ‘ಲೇ: ನಾಲ್ಕರಲ್ಲಿ ಒಂದು ದತ್ತಾಂಶದಲ್ಲಿ ಸುಧಾರಣೆ, ಕೋಷ್ಟಕ 3. ನಾ: ಅದೊಂದೇ ದೊಡ್ಡ ದತ್ತಾಂಶ, ಗಾತ್ರವೇ ಕಾರಣವಿರಬಹುದೇ?’ ಯಥಾವತ್ತಾಗಿ ಎತ್ತಿಕೊಂಡ ಮಾತಿಗೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಎರಡೂ ಇರಲೇಬೇಕು; ಇಲ್ಲವಾದರೆ ವರ್ಷದ ನಂತರ ಅದು ನನ್ನದೇ ವಾಕ್ಯವೆಂಬ ಭ್ರಮೆ ಹುಟ್ಟುತ್ತದೆ. ಇವೆಲ್ಲ ಪೇಪರುಗಳನ್ನೂ ಉಲ್ಲೇಖಗಳನ್ನೂ ಜೋಡಿಸಿಡುವ ತಂತ್ರಾಂಶವಾದ ಜೊಟೆರೊದಲ್ಲಿ ಆಯಾ ಪೇಪರಿನ ಜೊತೆಗೇ ಇವೆ, ಆದರೆ ಸಾಧಾರಣ ನೋಟ್‌ಬುಕ್ಕಾದರೂ ನಡೆದೀತು.

ಅಧ್ಯಾಯ ಬರೆಯುವಾಗ ಈ ಟಿಪ್ಪಣಿಗಳನ್ನಷ್ಟೇ ತೆರೆದಿಟ್ಟುಕೊಳ್ಳುತ್ತೇನೆ. ಉಲ್ಲೇಖ ಸೇರಿಸುವ ಮುನ್ನ ಮಾತ್ರ ಮೂಲದ ಅಂಕಿಯೊಡನೆ ತಾಳೆ ನೋಡುತ್ತೇನೆ. ಕಳೆದ ವಾರ ಹಾಗೆ ನೋಡುವಾಗ, 0.38 ಎಂದಿದ್ದುದನ್ನು ನಾನು 0.83 ಎಂದು ಬರೆದುಕೊಂಡಿದ್ದು ಸಿಕ್ಕಿತು.